ಕೋಳಿ ಆಮೇಲೆ ತನ್ನಿ, ಮೊದಲು ಚಿಲಕ ತನ್ನಿ

ಪಕ್ಕದ ಮನೆಯ ಸೊಸೆ ಮೊನ್ನೆ ಬೇಲಿ ಹತ್ತಿರ ನಿಂತು ಕೇಳಿದಳು, "ಅತ್ತೆ, ನಾವೂ ನಾಲ್ಕು ಕೋಳಿ ಸಾಕ್ಬೇಕು ಅಂತ ಇದ್ದೇವೆ. ಏನೇನು ತರ್ಬೇಕು?" ನಾನು ಹೇಳಿದೆ, "ಕೋಳಿ ಆಮೇಲೆ ತಾ ತಂಗಿ. ಮೊದಲು ಒಂದು ಗಟ್ಟಿ ಬಾಗಿಲು ಮಾಡ್ಸು, ಅದಕ್ಕೊಂದು ಚಿಲಕ ಹಾಕ್ಸು." ಅವಳು ನಕ್ಕಳು. ನಗಲಿ ಬಿಡಿ. ಅಂಕೋಲೆ ಕಡೆಯ ಈ ಊರಿಗೆ ಮದುವೆಯಾಗಿ ಬಂದ ವರ್ಷ ನಮ್ಮ ಅತ್ತೆ ನನಗೂ ಇದನ್ನೇ ಹೇಳಿದ್ದರು, ನಾನೂ ನಕ್ಕಿದ್ದೆ.

ಗೂಡು ದೊಡ್ಡದು ಬೇಕಾಗಿಲ್ಲ. ಹಗಲೆಲ್ಲ ಹಿತ್ತಲಲ್ಲಿ ಮೇಯುವ ಕೋಳಿಗೆ ಗೂಡು ಅಂದರೆ ರಾತ್ರಿ ಮಲಗುವ ಜಾಗ ಅಷ್ಟೇ. ಹತ್ತು ಕೋಳಿಗೆ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ ಸಾಕು. ಆದರೆ ನೆಲಕ್ಕೆ ತಾಗಿಸಿ ಕಟ್ಟಬೇಡಿ. ಚಿರೆಕಲ್ಲು ಇಟ್ಟು ಎರಡು ಅಡಿ ಎತ್ತರಿಸಿ, ಮೇಲೆ ಅಡಿಕೆ ದಬ್ಬೆ ಹಾಸಿದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಗಾಳಿ ಆಡುತ್ತದೆ, ಮಳೆ ನೀರು ಒಳಗೆ ಬರುವುದಿಲ್ಲ. ನಮ್ಮಲ್ಲಿ ಮಳೆಗಾಲದ ಗಾಳಿ ಸಮುದ್ರದ ಕಡೆಯಿಂದ ಹೊಡೆಯುತ್ತದೆ ಅಲ್ವಾ, ಹಾಗಾಗಿ ಬಾಗಿಲು ಮೂಡಣ ದಿಕ್ಕಿಗಿರಲಿ. ಒಳಗೆ ಅಡ್ಡ ಒಂದು ಕೋಲು ಕಟ್ಟಿ, ಕೋಳಿ ಅದರ ಮೇಲೆ ಕೂತೇ ಮಲಗುವುದು. ಪೇಟೆಯಲ್ಲಿ ಸಿಗುವ ತೆಳು ತಂತಿಯ ಜಾಳು ಬಲೆಯನ್ನು ನಂಬಬೇಡಿ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ರಾತ್ರಿ ಕೋಳಿ ಹುಡುಕಿ ಬರುವ ಕಾಡುಪ್ರಾಣಿ ಕಬ್ಬೆಕ್ಕು ಒಳಗೆ ಬರದಂತೆ ತಡೆಯುವುದಿಲ್ಲ. ಬೆರಳು ತೂರದಷ್ಟು ಸಣ್ಣ ಕಣ್ಣಿನ, ಬೆಸುಗೆ ಹಾಕಿದ ದಪ್ಪ ಬಲೆ ಸ್ವಲ್ಪ ದುಬಾರಿ, ಆದರೆ ಒಮ್ಮೆ ಹಾಕಿದರೆ ಮುಗಿಯಿತು.

ಇಷ್ಟೆಲ್ಲ ನಮ್ಮ ಮನೆಯಲ್ಲೂ ಇತ್ತು. ಆದರೂ ಒಂದು ರಾತ್ರಿ ಏಳು ಕೋಳಿ ಹೋದವು.

ಅವತ್ತು ಅಂಕೋಲೆಯ ಬಂಡಿಹಬ್ಬ. ಸಂಜೆ ನಾಲ್ಕಕ್ಕೇ ಮನೆ ಬಿಟ್ಟಿದ್ದೆವು. ಜನ, ಬಳೆ ಅಂಗಡಿ, ಮಿಠಾಯಿ ಅಂಗಡಿ, ಮೊಮ್ಮಗಳಿಗೆ ಬಲೂನು, ಎಲ್ಲ ಮುಗಿಸಿ ಬರುವಾಗ ರಾತ್ರಿ ಹನ್ನೊಂದು. ಮನೆಯವರು ಕೇಳಿದರು, "ಕೋಳಿ ಬಾಗ್ಲು ಹಾಕಿದ್ಯಾ?" ನಾನು ಅಂದೆ, "ನೀವು ಹಾಕ್ಲಿಲ್ವಾ, ಆಗ್ಲೇ ಹಿತ್ಲಿಗೆ ಹೋಗಿದ್ರಲ್ಲ?" ಅವರು ಹೋಗಿದ್ದು ಕೈಕಾಲು ತೊಳೆಯಲು. ಟಾರ್ಚ್ ಹಿಡಿದು ಓಡಿದೆ. ಬಾಗಿಲು ಹಾಗೇ ತೆರೆದಿತ್ತು. ಗೂಡಿನಿಂದ ಬಾವಿಕಟ್ಟೆಯವರೆಗೆ ಪುಕ್ಕ ಚೆಲ್ಲಿತ್ತು, ಕೆಂಪು ಪುಕ್ಕ, ಕಪ್ಪು ಪುಕ್ಕ, ಒಂದು ಕಡೆ ಬಿಳಿ ಗರಿಯ ಗುಡ್ಡೆ. ತಿಂದಿದ್ದು ಎರಡೋ ಮೂರೋ ಇರಬೇಕು, ಉಳಿದವನ್ನು ಕುತ್ತಿಗೆ ಕಚ್ಚಿ ಸುಮ್ನೆ ಬಿಟ್ಟು ಹೋಗಿತ್ತು. ಕಬ್ಬೆಕ್ಕಿನ ಕೆಲಸವೇ ಹಾಗೆ, ಮುಚ್ಚಿದ ಜಾಗದಲ್ಲಿ ಕೋಳಿ ಹೆದರಿ ರೆಕ್ಕೆ ಬಡಿದಷ್ಟೂ ಅದು ಕಚ್ಚುತ್ತಾ ಹೋಗುತ್ತದೆ. ಹನ್ನೊಂದರಲ್ಲಿ ನಾಲ್ಕು ಉಳಿದವು. ಮೂರು ಗೂಡಿನ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ನಾಲ್ಕನೆಯದು ಬೋಳಕ್ಕ.

ಬೋಳಕ್ಕನ ಬಗ್ಗೆ ಹೇಳಬೇಕು. ಕುತ್ತಿಗೆಯಲ್ಲಿ ಪುಕ್ಕ ಇಲ್ಲದ ಹೇಂಟೆ ಅದು, ಆ ಜಾತಿಯೇ ಹಾಗೆ, ರೋಗವಲ್ಲ. ಗೂಡಿಗೆ ಬಾ ಅಂದರೆ ಬರುವುದೇ ಇಲ್ಲ. ಸಂಜೆಯಾದರೆ ಇಶಾಡ ಮಾವಿನ ಮರದ ಕೊಂಬೆಗೆ ಹಾರಿ ಕೂರುತ್ತದೆ. ಕರಿ ಇಶಾಡಕ್ಕೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿತು ಅಂತ ಊರವರಿಗೆಲ್ಲ ಹೆಮ್ಮೆ, ಬೋಳಕ್ಕನಿಗೆ ಅದು ಮಲಗುವ ಮಂಚ. ಎಷ್ಟು ಸಂಜೆ ಕೋಲು ಹಿಡಿದು ಅದನ್ನು ಇಳಿಸಿ, ಬೈದು, ಗೂಡಿಗೆ ತುರುಕಿದ್ದೇನೋ. ನನ್ನ ಮಾತು ಕೇಳಿದ ಏಳು ಹೋದವು, ಕೇಳದ ಇದೊಂದು ಕೊಂಬೆಯ ಮೇಲಿಂದ ನನ್ನನ್ನೇ ನೋಡುತ್ತಾ ಕೂತಿತ್ತು. ಹಾಗಂತ ಕೋಳಿಯನ್ನು ಮರದ ಮೇಲೆ ಬಿಡಿ ಅಂತ ನಾನು ಹೇಳುವುದಿಲ್ಲ. ಮರಕ್ಕೂ ಕಬ್ಬೆಕ್ಕು ಹತ್ತುತ್ತದೆ. ಬೋಳಕ್ಕನ ಆಯುಸ್ಸು ಗಟ್ಟಿ ಇತ್ತು.

ಆವತ್ತಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ. ಬಾಗಿಲು ಹಾಕುವವರು ಒಬ್ಬರೇ, ಅದು ನಾನು. ಇಬ್ಬರ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ. ಸಂಜೆ ಹೊರಗೆ ಹೋಗುವುದಿದ್ದರೆ ಮಧ್ಯಾಹ್ನವೇ ಒಂದು ಹಿಡಿ ನುಚ್ಚು ಗೂಡಿನೊಳಗೆ ಚೆಲ್ಲಿ, ಕರೆದು, ಎಣಿಸಿ, ಮುಚ್ಚಿ ಹೋಗುತ್ತೇನೆ. ದಿನವೂ ಒಂದೇ ಡಬ್ಬಿ ಬಡಿದು ನುಚ್ಚು ಹಾಕಿ ರೂಢಿ ಮಾಡಿದರೆ ಯಾವ ಹೊತ್ತಿಗೆ ಬಡಿದರೂ ಓಡಿ ಬರುತ್ತವೆ. ನನ್ನದು ಹಳೆಯ ಹಾಲಿನ ಪುಡಿ ಡಬ್ಬಿ. ಅದರ ಸದ್ದಿಗೆ ಪಕ್ಕದ ಮನೆ ಕೋಳಿಯೂ ಬರುತ್ತದೆ, ಅದು ಬೇರೆ ಜಗಳ.

ಸುಖ ಇಲ್ಲವಾ? ಇದೆ. ಇಲ್ಲದಿದ್ದರೆ ಈ ವಯಸ್ಸಿನಲ್ಲಿ ಯಾರು ಹಿಕ್ಕೆ ಬಾಚುತ್ತಾರೆ! ಬೆಳಿಗ್ಗೆ ಚಿಲಕ ತೆಗೆದ ಕೂಡಲೇ ಮೊದಲು ಹುಂಜ ಇಳಿಯುತ್ತದೆ, ರೆಕ್ಕೆ ಕೊಡವುತ್ತದೆ, ಆಮೇಲೆ ಹೇಂಟೆಗಳು ಒಂದನ್ನೊಂದು ನೂಕಿಕೊಂಡು ಬಚ್ಚಲು ಒಲೆಯ ಬೂದಿ ಗುಂಡಿಗೆ ಓಡುತ್ತವೆ. ಬೂದಿಯಲ್ಲಿ ಹೊರಳಿ, ಕಣ್ಣು ಅರೆಮುಚ್ಚಿ, ಒಂದು ಕಾಲು ಚಾಚಿ ಬಿಸಿಲಿಗೆ ಬಿದ್ದುಕೊಳ್ಳುವುದನ್ನು ನೋಡಬೇಕು. ಕೋಳಿ ಹೇನಿಗೆ ಇದೇ ಸುಲಭದ ಮದ್ದು, ಒಂದು ಮೂಲೆಯಲ್ಲಿ ಒಣ ಬೂದಿ ಮಣ್ಣು ಯಾವಾಗಲೂ ಇರಲಿ, ಮಳೆಗಾಲದಲ್ಲಿ ಮಾಡಿನ ಕೆಳಗೆ ಇರಲಿ. ಮೊಟ್ಟೆ ಇಡುವ ಬುಟ್ಟಿಯಲ್ಲಿ ಒಣ ಹುಲ್ಲಿನ ಜೊತೆ ಲಕ್ಕಿ ಸೊಪ್ಪು ಹಾಕಿ. ಆ ಬುಟ್ಟಿಗೆ ಮಾತ್ರ ಕತ್ತಲಲ್ಲಿ ಕೈ ಹಾಕಬೇಡಿ. ಕೇರೆ ಹಾವೂ ಮೊಟ್ಟೆಗೆ ಬರುತ್ತದೆ, ನಾಗರವೂ ಬರುತ್ತದೆ. ಟಾರ್ಚ್ ಬಿಟ್ಟು ನೋಡಿ ಕೈ ಹಾಕಿ.

ತಿನ್ನಿಸುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. ನುಚ್ಚು, ತೌಡು, ಮೀನು ತೊಳೆದ ಚೂರು, ತರಕಾರಿ ಸಿಪ್ಪೆ, ಉಳಿದಿದ್ದನ್ನು ಅವೇ ಕೆದಕಿಕೊಳ್ಳುತ್ತವೆ. ಒಂದು ವಿಷಯ ಮಾತ್ರ ಕರಾವಳಿಯವರು ನೆನಪಿಡಬೇಕು. ಒಣಮೀನಿನ ತಲೆ, ಉಪ್ಪುಮೀನು ತೊಳೆದ ನೀರು, ಉಪ್ಪಿನಕಾಯಿ ರಸ, ಇದನ್ನೆಲ್ಲ ಕೋಳಿಗೆ ಹಾಕಬೇಡಿ. ಕೋಳಿಗೆ ಉಪ್ಪು ಜಾಸ್ತಿಯಾದರೆ ವಿಷ. ನೀರು ಕುಡಿದೂ ಕುಡಿದೂ ಬೇಧಿಯಾಗಿ ಸಾಯುತ್ತವೆ, ಮರಿಗಳಂತೂ ತಡೆಯುವುದೇ ಇಲ್ಲ. ನನ್ನ ಎರಡು ಮರಿ ಹೀಗೇ ಹೋದವು, ಒಣ ಸಿಗಡಿ ಜರಡಿ ಹಿಡಿದ ಪುಡಿ ಹಾಕಿದ್ದೆ, ದಂಡ ಮಾಡುವುದು ಯಾಕೆ ಅಂತ.

ಮೊಟ್ಟೆ ಚಿಪ್ಪು ತೆಳುವಾದರೆ ಸುಣ್ಣ ಸಾಲದು ಅಂತ ಅರ್ಥ. ನಮ್ಮ ಕಡೆ ಬಳಚು ಅನ್ನುವ ಚಿಪ್ಪುಮೀನಿನ ಚಿಪ್ಪಿಗೆ ಏನು ಬರ? ಅದನ್ನು ಒಣಗಿಸಿ, ಒರಳಲ್ಲಿ ಕುಟ್ಟಿ, ಅಕ್ಕಿ ಕಾಳಿನಷ್ಟು ಚೂರು ಮಾಡಿ ಬೇರೆ ಗೆರಟೆಯಲ್ಲಿ ಇಟ್ಟುಬಿಡಿ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ನುಣ್ಣಗೆ ಪುಡಿ ಮಾಡಬೇಡಿ, ಗಾಳಿಗೆ ಹಾರಿಹೋಗುತ್ತದೆ.

ಇನ್ನು ಕಾವು. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟು ಬುಟ್ಟಿ ಬಿಟ್ಟು ಏಳದೆ, ಕೈ ತಂದರೆ ಪುಕ್ಕ ಕೆದರಿ ಗುರ್ ಅಂದರೆ ಕಾವು ಬಂದಿದೆ ಅಂತ ತಿಳಿಯಿರಿ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಗಿರಿರಾಜ ಕೋಳಿ ತೂಕ ಚೆನ್ನಾಗಿ ಬರುತ್ತದೆ, ಮೊಟ್ಟೆಯೂ ಜಾಸ್ತಿ, ಆದರೆ ಕಾವಿಗೆ ಕೂರುವ ತಾಳ್ಮೆ ಅದಕ್ಕಿಲ್ಲ, ನಾಯಿ ಬಂದರೆ ಹಾರುವುದಕ್ಕೂ ಆಗುವುದಿಲ್ಲ. ಮರಿ ಬೇಕು ಅನ್ನುವವರು ನಾಟಿಯನ್ನೇ ಇಟ್ಟುಕೊಳ್ಳಿ. ವಾರದೊಳಗಿನ ಮೊಟ್ಟೆಯನ್ನೇ ಆರಿಸಿ, ಫ್ರಿಜ್ಜಿನಲ್ಲಿ ಇಟ್ಟಿದ್ದು ಬೇಡ, ತೊಳೆದಿದ್ದೂ ಬೇಡ. ಕೋಳಿಯ ಮೈಗೆ ತಕ್ಕಂತೆ ಒಂಬತ್ತೋ ಹನ್ನೊಂದೋ ಇಡಿ. ಅತ್ತೆ ಬುಟ್ಟಿಯಲ್ಲಿ ಒಂದು ಕಬ್ಬಿಣದ ಮೊಳೆಯನ್ನೂ ಇಡುತ್ತಿದ್ದರು, ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಮೊಳೆ ಮಾತ್ರ ಇಡುತ್ತೇನೆ.

ಏಳನೇ ದಿನ ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆಯ ದಪ್ಪ ತುದಿ ಇಟ್ಟು ನೋಡಿ. ಕೆಂಪು ನರ ಜೇಡರ ಬಲೆಯ ಹಾಗೆ ಹರಡಿ, ನಡುವೆ ಒಂದು ಕಪ್ಪು ಚುಕ್ಕೆ ಕಂಡರೆ ಮರಿ ಇದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ಅದನ್ನು ತೆಗೆದುಬಿಡಿ, ಇಲ್ಲದಿದ್ದರೆ ಒಳಗೇ ಕೊಳೆತು ಒಡೆದು ಎಲ್ಲವನ್ನೂ ಹಾಳು ಮಾಡುತ್ತದೆ. ಹದಿನೆಂಟನೇ ದಿನದ ನಂತರ ಮುಟ್ಟಲೇಬಾರದು. ಇಪ್ಪತ್ತೊಂದನೇ ದಿನ ಮೊಟ್ಟೆಗೆ ಕಿವಿ ಕೊಟ್ಟರೆ ಒಳಗಿಂದ ಚಿಂವ್ ಅನ್ನುತ್ತದೆ, ತಾಯಿ ಹೊರಗಿಂದ ಸಣ್ಣ ದನಿಯಲ್ಲಿ ಕ್ಲುಕ್ ಕ್ಲುಕ್ ಅನ್ನುತ್ತದೆ. ಮೊಮ್ಮಗಳು ಅದನ್ನು ಕೇಳಿ ರಾತ್ರಿ ಊಟ ಬಿಟ್ಟು ಬುಟ್ಟಿ ಪಕ್ಕದಲ್ಲೇ ಮಲಗಿದ್ದಳು. ಒಂದು ಮರಿ ಚಿಪ್ಪು ಅರ್ಧ ಒಡೆದು ಸುಸ್ತಾಗಿ ನಿಂತಿತ್ತು, ಅವಳು ಉಗುರಿನಲ್ಲಿ ಬಿಡಿಸಲು ಹೋದಳು, ಬೇಡ ಅಂದೆ. ಒಳಗಿನ ನರದಲ್ಲಿ ಇನ್ನೂ ರಕ್ತ ಇರುತ್ತದೆ, ಎಳೆದರೆ ಮರಿ ಸಾಯುತ್ತದೆ. ಬೆಳಗ್ಗೆ ನೋಡಿದರೆ ಅದೇ ಎಲ್ಲಕ್ಕಿಂತ ಮುಂದೆ ಓಡುತ್ತಿತ್ತು.

ಮರಿಗೆ ನೀರಿಡುವ ತಟ್ಟೆಯಲ್ಲಿ ಸಣ್ಣ ಕಲ್ಲು ಹಾಕಿಡಿ, ಮುಳುಗಿ ಸಾಯುವುದು ತಪ್ಪುತ್ತದೆ. ಒರಲೆ ಹಿಡಿದ ಕಟ್ಟಿಗೆ ಸಿಕ್ಕರೆ ಮರಿಗಳ ಎದುರು ಕೊಡವಿ, ಅವಕ್ಕೆ ಅದೇ ಹಬ್ಬದೂಟ. ಮೊದಲ ತಿಂಗಳು ಮಾತ್ರ ಆಕಾಶದ ಕಡೆ ಕಣ್ಣಿರಲಿ. ನಮ್ಮಲ್ಲಿ ಕಾಗೆ ಇದೆ, ಹದ್ದು ಇದೆ, ಹೊಳೆದಂಡೆಯ ತೆಂಗಿನ ಮರದಲ್ಲಿ ಗರುಡ ಇದೆ. ಗರುಡ ಅಂದರೆ ಕಂಡಾಗ ಕೈ ಮುಗಿಯುವ ಹಕ್ಕಿ, ಮರಿ ಎತ್ತಿಕೊಂಡು ಹೋದರೆ ಬೈಯುವುದಕ್ಕೂ ಬಾಯಿ ಬರುವುದಿಲ್ಲ. ಹರಿದ ಮೀನಿನ ಬಲೆಯನ್ನು ಬಂದರಿನವರ ಹತ್ತಿರ ಕೇಳಿ ತಂದು ಅಂಗಳದ ಒಂದು ಮೂಲೆಗೆ ಎತ್ತರದಲ್ಲಿ ಕಟ್ಟಿದೆ, ಅಲ್ಲಿಂದ ಮರಿ ಹೋಗುವುದು ನಿಂತಿತು. ಬಲೆಯ ಅಂಚು ನೆಲಕ್ಕೆ ಜೋತು ಬೀಳದಂತೆ ನೋಡಿಕೊಳ್ಳಿ, ಕೇರೆ ಹಾವು ಸಿಕ್ಕಿಕೊಂಡು ಒದ್ದಾಡುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಕೊಕ್ಕರೆ ರೋಗ, ರಾಣಿಖೇತ್ ಅನ್ನುತ್ತಾರಲ್ಲ, ಅದು. ಹಸಿರು ಬೇಧಿ, ಬಾಯಿ ತೆರೆದು ಉಸಿರಾಟ, ಕುತ್ತಿಗೆ ತಿರುಚಿಕೊಳ್ಳುವುದು ಕಂಡಿತು ಅಂದರೆ ಮದ್ದಿಲ್ಲ. ಒಂದು ವರ್ಷ ಸೆಕೆಗಾಲದಲ್ಲಿ ನಮ್ಮ ಕೇರಿಯ ಕೋಳಿಗಳೆಲ್ಲ ಒಂದೇ ವಾರದಲ್ಲಿ ಖಾಲಿಯಾದವು, ಬೆಳಗಾದರೆ ಹುಂಜದ ಕೂಗೇ ಇಲ್ಲ, ಊರು ಬಿಕೋ ಅನ್ನುತ್ತಿತ್ತು. ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎರಡು ತಿಂಗಳ ಹೊತ್ತಿಗೆ ಸೂಜಿ. ತೊಂದರೆ ಏನು ಅಂದರೆ ಲಸಿಕೆಯ ಶೀಶೆ ಬರುವುದು ನೂರು ಕೋಳಿಗೆ ಆಗುವಷ್ಟು, ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ನಿಮ್ಮ ಐದು ಕೋಳಿಗೆ ಅದನ್ನು ಯಾರು ಒಡೆಯುತ್ತಾರೆ? ಹಾಗಾಗಿ ಕೇರಿಯವರೆಲ್ಲ ಸೇರಿ, ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿ, ಒಂದು ದಿನ ಗೊತ್ತು ಮಾಡಿಕೊಳ್ಳಿ. ನಾವು ಬೆಳಕು ಹರಿಯುವ ಮೊದಲೇ ನಮ್ಮ ಜಗಲಿಯಲ್ಲಿ ಸೇರುತ್ತೇವೆ, ಗೂಡಿನಲ್ಲಿರುವಾಗಲೇ ಹಿಡಿದರೆ ಓಡಿಸಿಕೊಂಡು ಹೋಗುವ ಕೆಲಸ ಇಲ್ಲ. ಐಸ್ ತುಂಬಿದ ಫ್ಲಾಸ್ಕಿನಲ್ಲಿ ಶೀಶೆ, ಒಬ್ಬೊಬ್ಬರ ಬುಟ್ಟಿಯಲ್ಲಿ ನಾಲ್ಕು ಐದು ಕೋಳಿ, ನಮ್ಮ ಮನೆಯ ಚಹಾ. ಕಾಯಿಲೆ ಬಂದ ಮನೆಯ ಕೋಳಿಯನ್ನು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ, ಸತ್ತದ್ದನ್ನು ಹೊಳೆಗೆ ಎಸೆಯಬೇಡಿ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ. ಮಳೆಗಾಲದಲ್ಲಿ ಮರಿಯ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಬೇರೆ, ಅದಕ್ಕೆ ಮದ್ದಿದೆ, ತಡ ಮಾಡದೆ ಆಸ್ಪತ್ರೆಗೆ ಹೋಗಿ, ಹಾಸಿದ ಉಮಿ ಒದ್ದೆಯಾಗಿದ್ದರೆ ಬದಲಿಸಿ.

ಹೆಸರಿಡುವ ವಿಷಯ. ಮಕ್ಕಳಿರುವ ಮನೆಯಲ್ಲಿ ಹೆಸರು ಬೇಡ ಅಂದರೂ ಇಟ್ಟೇ ಇಡುತ್ತಾರೆ. ನಮ್ಮ ಒಂದು ಹುಂಜಕ್ಕೆ ಮೊಮ್ಮಗಳು ಪಟೇಲ ಅಂತ ಹೆಸರಿಟ್ಟಳು, ಎದೆ ಉಬ್ಬಿಸಿ ನಡೆಯುವ ಗತ್ತಿಗೆ. ಹತ್ತು ಹೇಂಟೆಗೆ ಒಂದು ಹುಂಜ ಸಾಕು, ಎರಡಾದರೆ ರಕ್ತ ಬರುವ ತನಕ ಹೊಡೆದಾಟ. ಪಟೇಲನ ಜೊತೆಗೆ ಇನ್ನೊಂದು ಬೆಳೆಯಿತು, ಒಂದನ್ನು ಕಳಿಸಲೇಬೇಕಿತ್ತು. ಮುಂಬೈಯಿಂದ ನೆಂಟರು ಬಂದ ದಿನ ಕೋಳಿ ಸಾರು, ವಡೆ ಆಯಿತು. ಮೊಮ್ಮಗಳು ಅಂಗಳಕ್ಕೆ ಹೋಗಿ ನೋಡಿ ಬಂದು, ಏನೂ ಕೇಳದೆ, ಮಜ್ಜಿಗೆ ಅನ್ನ ಉಂಡು ಎದ್ದಳು. ನಾವು ಕೋಳಿ ತಿನ್ನುವ ಜನವೇ, ಅದರಲ್ಲಿ ನನಗೆ ನಾಚಿಕೆ ಇಲ್ಲ. ಆದರೆ ಆವತ್ತಿನ ಸಾರು ನನಗೂ ಇಳಿಯಲಿಲ್ಲ. ಈಗ ಪದ್ಧತಿ ಬದಲಿಸಿದ್ದೇವೆ. ಹೆಸರಿಟ್ಟ ಕೋಳಿ ಒಲೆಗೆ ಹೋಗುವುದಿಲ್ಲ. ಹೆಸರು ಎಷ್ಟಕ್ಕೆ ಇಡಬೇಕು ಅಂತ ಮೊದಲೇ ಮಗುವಿನ ಹತ್ತಿರ ಮಾತಾಡಿಕೊಳ್ಳಿ. ನಮ್ಮಲ್ಲಿ ಮೂರಕ್ಕೆ ಒಪ್ಪಂದ ಆಗಿದೆ, ಅವಳು ಗುಟ್ಟಾಗಿ ಐದಕ್ಕೆ ಇಟ್ಟಿದ್ದಾಳೆ ಅಂತ ನನಗೆ ಗೊತ್ತು.

ಬೋಳಕ್ಕನಿಗೆ ಈಗ ಆರು ವರ್ಷ. ಮೊಟ್ಟೆ ನಿಂತ ಹಾಗೇ. "ಇದನ್ನ ಇನ್ನೂ ಯಾಕೆ ಸಾಕ್ತೀಯಾ" ಅಂತ ಮನೆಯವರು ಕೇಳುತ್ತಾರೆ, ಕೇಳುತ್ತಲೇ ತಮ್ಮ ತಟ್ಟೆಯ ಕಡೆಯ ತುತ್ತು ಅದಕ್ಕೇ ಎಸೆಯುತ್ತಾರೆ. ಹೋದ ವಾರ ಎರಡು ತಿಂಗಳ ನಂತರ ಅಬ್ಬಲಿಗೆ ಗಿಡದ ಬುಡದಲ್ಲಿ ಒಂದು ಮೊಟ್ಟೆ ಇಟ್ಟಿತ್ತು. ಮುಟ್ಟಿದರೆ ಮೆತ್ತಗೆ, ಚಿಪ್ಪೇ ಇಲ್ಲ, ಬರೀ ಪೊರೆ. ಅದಕ್ಕೇ ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗಿಕೊಂಡಿತು. ಬಳಚಿನ ಚಿಪ್ಪು ಕುಟ್ಟಿ ಮಾವಿನ ಮರದ ಕೆಳಗೆ ಬೇರೆ ಗೆರಟೆಯಲ್ಲಿ ಇಟ್ಟಿದ್ದೇನೆ, ಅದರ ಪಾಲನ್ನು ಉಳಿದವು ಮುಟ್ಟದ ಹಾಗೆ.