ಎಸ್‌ಎಸ್‌ಡಿ ವೇಗ ಪರೀಕ್ಷಿಸುವವರಿಗೆ ಒಂದು ಸಲಹೆ

ಹುಬ್ಬಳ್ಳಿಯಲ್ಲಿ ಬಳಸಿದ ಲ್ಯಾಪ್‌ಟಾಪ್ ಕೊಳ್ಳುವ ನಮ್ಮ ಧಾರವಾಡದ ವಿದ್ಯಾರ್ಥಿಗಳು, ಅದರೊಳಗಿನ ಎಸ್‌ಎಸ್‌ಡಿ (ಕಡತಗಳನ್ನು ಚಿಪ್‌ಗಳಲ್ಲಿ ಉಳಿಸುವ ಡಿಸ್ಕ್) ಹಳೆಯ, ನಿಧಾನದ ಸಾಟಾ ಮಾದರಿಯದೋ ಹೊಸ, ವೇಗದ ಎನ್‌ವಿಎಂಇ ಮಾದರಿಯದೋ ಎಂಬುದನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಮೊದಲು ನೋಡಿಕೊಳ್ಳಬೇಕು; ಎರಡೂ ಎಂ.2 ಎಂಬ ಚಿಕ್ಕ ಪಟ್ಟಿಯ ಆಕಾರದಲ್ಲಿ ದೊರೆಯುವುದರಿಂದ ಕಣ್ಣಂದಾಜು ಸಾಲದು. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ ದಾಟುವುದಿಲ್ಲ, ಮೂರನೇ ತಲೆಮಾರಿನ ಎನ್‌ವಿಎಂಇ ಸುಮಾರು 3,500 ಎಂಬಿಯವರೆಗೂ ಓದಬಲ್ಲದು. ಆದ್ದರಿಂದ ಪರೀಕ್ಷೆಯಲ್ಲಿ ಸಾಟಾಗೆ 520 ಎಂಬಿ ಬಂದರೆ ಅದು ದೋಷವಲ್ಲ.

ಚಾರ್ಜರ್ ಜೋಡಿಸಿ, ಉಳಿದ ತಂತ್ರಾಂಶಗಳನ್ನು ಮುಚ್ಚಿ, ವೇಗ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ತಂತ್ರಾಂಶವನ್ನು ನಡೆಸಿರಿ. ಫಲಿತಾಂಶದ ಮೇಲಿನ ಸಾಲಿನ ದೊಡ್ಡ ಅಂಕಿಗೇ ಹೆಚ್ಚಿನವರು ಮರುಳಾಗುತ್ತಾರೆ. ನನ್ನ ದೃಷ್ಟಿಯಲ್ಲಿ ದಿನನಿತ್ಯದ ಚುರುಕುತನವನ್ನು ಹೇಳುವುದು ಕೊನೆಯ ಸಾಲು, ಅಂದರೆ ಚದುರಿದ 4 ಕೆಬಿ ತುಣುಕುಗಳನ್ನು ಓದುವ ವೇಗ, ಮತ್ತು ಅಲ್ಲಿ 30ರಿಂದ 60 ಎಂಬಿ ಬಂದರೂ ಗಾಬರಿಪಡಬೇಕಾಗಿಲ್ಲ. ಡಿಸ್ಕ್ ತುಂಬುತ್ತ ಬಂದಂತೆ ಬರೆಯುವ ವೇಗ ಕುಸಿಯುವುದರಿಂದ ಐದನೇ ಒಂದು ಭಾಗವನ್ನು ಖಾಲಿ ಬಿಟ್ಟೇ ಪರೀಕ್ಷಿಸಿರಿ.