ಟರ್ಬೊ ಎಂಜಿನ್ನಿನ ಸಿಸಿ ಇಳಿಸುವುದು: ಕಡಿಮೆ ಖರ್ಚಿನ ದಾರಿ

ಟರ್ಬೊ ಎಂಜಿನ್ನಿನ ಸಿಸಿ (ಪಿಸ್ಟನ್‌ಗಳು ಚಲಿಸುವ ಜಾಗದ ಒಟ್ಟು ಗಾತ್ರ) ಇಳಿಸಬೇಕಾಗಿ ಬರುವುದು ಹೆಚ್ಚಾಗಿ ರೇಸಿನ ತರಗತಿಗಾಗಿ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮಗಳಲ್ಲಿ ಪೆಟ್ರೋಲ್ ಟರ್ಬೊಗೆ ರೂಢಿಯಲ್ಲಿರುವ ಗುಣಕ, ಅಂದರೆ ನಿಜವಾದ ಸಿಸಿಯನ್ನು ಗುಣಿಸುವ ಅಂಕೆ, 1.7. ಹಾಗಾಗಿ 1998 ಸಿಸಿ ಎಂಜಿನ್ ಲೆಕ್ಕದಲ್ಲಿ 3397 ಆಗುತ್ತದೆ. 3000ದ ಮಿತಿಯೊಳಗೆ ಬರಬೇಕೆಂದರೆ ನಿಜವಾದ ಸಿಸಿ 1764 ದಾಟಬಾರದು. ನಿಮ್ಮ ತರಗತಿಯ ಗುಣಕ ಎಷ್ಟೆಂದು ನಿಯಮ ಪುಸ್ತಕದಲ್ಲಿ ನೋಡಿಕೊಂಡೇ ಮುಂದುವರಿಯಿರಿ.

86 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ), 86 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ) ನಾಲ್ಕು ಸಿಲಿಂಡರ್ ಎಂಜಿನ್ನನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಬೋರ್ ಕಿರಿದು ಮಾಡಲು ನಾಲ್ಕೂ ಸಿಲಿಂಡರಿಗೆ ಸ್ಲೀವ್ (ಒಳಗೊಳವೆ) ಕೂರಿಸಬೇಕು. 81 ಮಿ.ಮೀ.ಗೆ ಇಳಿಸಿದರೂ 1773 ಸಿಸಿ ಉಳಿಯುತ್ತದೆ. ಮೇಲಾಗಿ ಸಿಲಿಂಡರ್ ಗೋಡೆ ವಾಲ್ವಿಗೆ ಹತ್ತಿರವಾಗಿ ಗಾಳಿಯ ಹರಿವು ಕೆಡುತ್ತದೆ. ಕ್ರ್ಯಾಂಕಿನಲ್ಲಿ ರಾಡ್ ಕೂರುವ ಕ್ರ್ಯಾಂಕ್‌ಪಿನ್ನನ್ನು ಆಫ್‌ಸೆಟ್ ಗ್ರೈಂಡ್ ಮಾಡಿದರೆ (ಕೇಂದ್ರ ಸರಿಸಿ ಅರೆದರೆ) ಪಿನ್ನಿನ ವ್ಯಾಸ ಎಷ್ಟು ಕರಗಿತೋ ಸ್ಟ್ರೋಕ್ ಹೆಚ್ಚೆಂದರೆ ಅಷ್ಟೇ ಕಡಿಮೆಯಾಗುತ್ತದೆ: ಪಿನ್ 48ರಿಂದ 45ಕ್ಕೆ ಇಳಿದರೆ ಸ್ಟ್ರೋಕ್ 83, ಸಿಸಿ 1929. ಸಾಲದು. ಉಳಿಯುವ ಅಗ್ಗದ ದಾರಿ ಒಂದೇ, ಅದೇ ಕುಟುಂಬದ ಚಿಕ್ಕ ಎಂಜಿನ್ನಿನ ಕ್ರ್ಯಾಂಕ್. 75 ಮಿ.ಮೀ. ಸ್ಟ್ರೋಕಿನದು ಸಿಕ್ಕರೆ 1743 ಸಿಸಿ.

ಆದರೆ ಕ್ರ್ಯಾಂಕ್ ಅಗ್ಗವಾದರೂ ಅದು ಬಿಟ್ಟುಹೋಗುವ 5.5 ಮಿ.ಮೀ. ದುಬಾರಿ. ಸ್ಟ್ರೋಕ್ 11 ಮಿ.ಮೀ. ಇಳಿದಾಗ ಪಿಸ್ಟನ್ ಮೊದಲಿದ್ದ ಎತ್ತರಕ್ಕಿಂತ ಅದರ ಅರ್ಧದಷ್ಟು ಕೆಳಗೇ ನಿಲ್ಲುತ್ತದೆ. ಮೊದಲು ಕಂಪ್ರೆಷನ್ 8.5:1 ಇದ್ದಿದ್ದರೆ ಒಂದು ಸಿಲಿಂಡರಿನ ದಹನ ಕೋಣೆ (ಹೆಡ್, ಗ್ಯಾಸ್ಕೆಟ್, ಪಿಸ್ಟನ್ ಗುಳಿ ಎಲ್ಲ ಸೇರಿ) 66.6 ಸಿಸಿ ಇತ್ತು ಎಂದರ್ಥ. ಹೊಸ ಕ್ರ್ಯಾಂಕ್ ಹಾಕಿ ಬೇರೇನೂ ಬದಲಿಸದಿದ್ದರೆ ಆ ಖಾಲಿ ಜಾಗದಿಂದ ಸುಮಾರು 32 ಸಿಸಿ ಸೇರಿ ಅನುಪಾತ 5.4ಕ್ಕೆ ಕುಸಿಯುತ್ತದೆ. ಅಂಥ ಎಂಜಿನ್ ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಒತ್ತಡ) ಬರುವವರೆಗೆ ಸತ್ತಂತೆಯೇ ಇರುತ್ತದೆ. ತೆಳು ಗ್ಯಾಸ್ಕೆಟ್ ಹಾಕಿಯೋ ಹೆಡ್ ಸವೆಸಿಯೋ ಇದನ್ನು ಮುಚ್ಚಲು ಹೋಗಬೇಡಿ. ಸ್ಕ್ವಿಶ್ ಅಂತರ (ಮೇಲ್ತುದಿಯಲ್ಲಿ ಪಿಸ್ಟನ್ ಅಂಚಿಗೂ ಹೆಡ್ಡಿಗೂ ನಡುವಿನ ಜಾಗ) ಗ್ಯಾಸ್ಕೆಟ್ ಸೇರಿ 0.8ರಿಂದ 1.0 ಮಿ.ಮೀ. ಆಸುಪಾಸಿಗೆ ಬರದಿದ್ದರೆ ನಾಕಿಂಗ್ (ಇಂಧನ ತಾನಾಗಿ ಸಿಡಿಯುವುದು) ಬೆನ್ನು ಬಿಡುವುದಿಲ್ಲ.

ಸರಿಯಾದ ಪರಿಹಾರ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡ್ ಈಗಿರುವುದಕ್ಕಿಂತ 5.5 ಮಿ.ಮೀ. ಹೆಚ್ಚು ಉದ್ದವಿರುವುದು. ಚಿಕ್ಕ ಎಂಜಿನ್ನಿನ ಬ್ಲಾಕ್ ಎತ್ತರ ನಿಮ್ಮದರಷ್ಟೇ ಇದ್ದರೆ ಕಂಪನಿಯೇ ಅದರಲ್ಲಿ ಉದ್ದ ರಾಡ್ ಅಥವಾ ಎತ್ತರದ ಪಿಸ್ಟನ್ ಹಾಕಿರುತ್ತದೆ, ರಾಡೇ ಉದ್ದವಾಗಿದ್ದರೆ ಕ್ರ್ಯಾಂಕನ್ನು ರಾಡ್ ಸಮೇತ ಕೊಳ್ಳುವುದು ಲಾಭ. ಬ್ಲಾಕ್ ಗಿಡ್ಡವಿದ್ದರೆ ಅದರ ರಾಡ್ ನಿಮಗೆ ಉದ್ದ ಸಾಲದೆ ಹೋಗಬಹುದು. ಟರ್ಬೊ ಇಲ್ಲದ ಎಂಜಿನ್ನಿನ ರಾಡ್ ಹೆಚ್ಚಾಗಿ ತೆಳುವಾಗಿರುತ್ತದೆ, ಹಾಗಿದ್ದರೆ ಫೋರ್ಜ್ಡ್ (ಬಡಿದು ರೂಪಿಸಿದ) ರಾಡಿಗೇ ಹಣ ಹಾಕಿ. ಟರ್ಬೊ ಇಲ್ಲದ ಆ ಎಂಜಿನ್ನಿನ ಪಿಸ್ಟನ್ ಮಾತ್ರ ಯಾವ ಕಾರಣಕ್ಕೂ ಬೇಡ. ಅಂಥ ಎರಕದ ಪಿಸ್ಟನ್ ಹೆಚ್ಚು ಬೂಸ್ಟಿನಡಿ ರಿಂಗ್‌ಗಳ ನಡುವಿನ ಪಟ್ಟಿಯಲ್ಲೇ ಒಡೆಯಬಹುದು.

ಪಿಸ್ಟನ್ ಆರ್ಡರ್ ಕೊಡುವ ಮುನ್ನ ಹೆಡ್ಡಿನ ಕೋಣೆಯ ಮೇಲೆ ಗಾಜಿನಂಥ ಪಾರದರ್ಶಕ ತಗಡು ಇಟ್ಟು ಬ್ಯುರೆಟ್ಟಿನಿಂದ (ಅಳತೆ ಗೆರೆಗಳಿರುವ ಗಾಜಿನ ಕೊಳವೆ) ದ್ರವ ಸುರಿದು ಅಳೆಯಿರಿ. ರಾಡ್ ಸರಿಹೋದರೂ ಹಳೆಯ 66.6 ಸಿಸಿ ಕೋಣೆಯೊಂದಿಗೆ ಅನುಪಾತ 7.5ಕ್ಕೇ ನಿಲ್ಲುತ್ತದೆ. ಮತ್ತೆ 8.5 ಬೇಕೆಂದರೆ ಕೋಣೆ 58.1 ಸಿಸಿ ಆಗಬೇಕು, ಅಂದರೆ ಪಿಸ್ಟನ್ ತಲೆಯ ಗುಳಿ 8.5 ಸಿಸಿ ಕಡಿಮೆ ಇರಬೇಕು.

ಬೋರಿನ ವಿಷಯದಲ್ಲಿ ತುಂಬ ಎಚ್ಚರ ಬೇಕು. ಸವೆದ ಬ್ಲಾಕನ್ನು 86.5ಕ್ಕೆ ಕೊರೆದರೆ 1763 ಸಿಸಿ, ಕೂದಲೆಳೆಯ ಅಂತರದಲ್ಲಿ ಪಾಸು. 87ಕ್ಕೆ ಕೊರೆದರೆ 1783, ತರಗತಿ ಕೈತಪ್ಪಿತು. ಮತ್ತೆ ಕೊರೆಯಲು ಜಾಗವಿಲ್ಲದ ಬ್ಲಾಕನ್ನು ಈ ಕೆಲಸಕ್ಕೆ ಆರಿಸಬೇಡಿ.

ಕ್ರ್ಯಾಂಕ್ ಕೊಳ್ಳುವಾಗ ಮೇನ್ ಜರ್ನಲ್ ವ್ಯಾಸ, ಥ್ರಸ್ಟ್ ಬೇರಿಂಗಿನ ಅಗಲ, ಎಣ್ಣೆ ರಂಧ್ರಗಳ ಜಾಗ, ಹಿಂದಿನ ಸೀಲಿನ ವ್ಯಾಸ, ಫ್ಲೈವೀಲ್ ಬೋಲ್ಟುಗಳು ಕೂರುವ ವೃತ್ತದ ವ್ಯಾಸ, ಮುಂದಿನ ಕೀ, ಸೆನ್ಸರ್ ಹಲ್ಲುಚಕ್ರ, ಇಷ್ಟನ್ನೂ ಹಳೆಯದರ ಪಕ್ಕದಲ್ಲಿಟ್ಟು ಅಳೆಯಿರಿ. ಕ್ರ್ಯಾಂಕಿನ ಮೈಮೇಲೆ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಅಗಲವಾಗಿದ್ದರೆ ಫೋರ್ಜ್ಡ್, ದಾರದಷ್ಟು ಸಣ್ಣಗಿದ್ದರೆ ಎರಕದ್ದು. ಹೆಚ್ಚು ಬೂಸ್ಟಿಗೆ ಎರಕದ್ದು ಬೇಡ.

ಜೋಡಿಸುವಾಗ 48 ಮಿ.ಮೀ. ಪಿನ್ನಿಗೆ 0.045ರಿಂದ 0.05 ಮಿ.ಮೀ. ಬೇರಿಂಗ್ ಸಡಿಲಿಕೆ ಇರಲಿ, ಮೇಲಿನ ಪಿಸ್ಟನ್ ರಿಂಗಿನ ಬಾಯಿ (ಎರಡು ತುದಿಗಳ ನಡುವಿನ ಸಂದು) 0.40 ಮಿ.ಮೀ. ಸುತ್ತ. ಪಿಸ್ಟನ್ ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ಹಳೆಯ ರಾಡ್ ಬೋಲ್ಟ್ ಮರುಬಳಸಬೇಡಿ. ಹೆಡ್ಡನ್ನು ಕೊನೆಯದಾಗಿ ಬಿಗಿಯುವ ಮೊದಲು ಪಿಸ್ಟನ್ ಮೇಲೆ ಜೇಡಿ ಹಚ್ಚಿ, ಹೆಡ್ ತಾತ್ಕಾಲಿಕವಾಗಿ ಕೂರಿಸಿ ಕ್ರ್ಯಾಂಕನ್ನು ಎರಡು ಸುತ್ತು ಕೈಯಿಂದ ತಿರುಗಿಸಿ, ಮತ್ತೆ ಬಿಚ್ಚಿ ಜೇಡಿಯ ದಪ್ಪ ನೋಡಿ. ಕ್ಯಾಮ್ ಹಳೆಯದೇ ಇದ್ದರೂ ಇದನ್ನು ಬಿಡುವಂತಿಲ್ಲ: ಸ್ಟ್ರೋಕ್ ಚಿಕ್ಕದಾದಾಗ ಪಿಸ್ಟನ್ ಮೇಲ್ತುದಿಯಿಂದ ನಿಧಾನವಾಗಿ ಇಳಿಯುತ್ತದೆ, ಹಾಗಾಗಿ ವಾಲ್ವ್ ಅದಕ್ಕೆ ಇನ್ನಷ್ಟು ಹತ್ತಿರ ಬರುತ್ತದೆ. ಇನ್‌ಟೇಕ್ ಕಡೆ 2, ಎಕ್ಸಾಸ್ಟ್ ಕಡೆ 2.5 ಮಿ.ಮೀ. ಉಳಿದಿರಬೇಕು.

ಸಿಸಿ ಶೇ. 13ರಷ್ಟು ಇಳಿದರೆ ಎಕ್ಸಾಸ್ಟ್ ಅನಿಲವೂ ಅಷ್ಟೇ ಕಡಿಮೆ. 3200 ಆರ್‌ಪಿಎಂಗೆ ಎದ್ದೇಳುತ್ತಿದ್ದ ಟರ್ಬೊ ಈಗ ಸುಮಾರು 3650ರವರೆಗೆ ಕಾಯಿಸುತ್ತದೆ. ಟರ್ಬೊ ಬದಲಿಸುವ ಬದಲು ಟರ್ಬೈನ್ ಹೌಸಿಂಗನ್ನು (ಎಕ್ಸಾಸ್ಟ್ ಅನಿಲ ಹಾಯುವ ಟರ್ಬೊದ ಹೊರಕವಚ) ಒಂದು ಅಳತೆ ಚಿಕ್ಕದು ಮಾಡಿದರೆ ಖರ್ಚು ಕಡಿಮೆ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಒಳಬರುವ ಗಾಳಿಯ ಒತ್ತಡ ಅಳೆದು ಇಂಧನ ಲೆಕ್ಕ ಹಾಕುವ ಬಗೆಯದಾದರೆ ಸಿಸಿ ಮೌಲ್ಯ ತಿದ್ದದೆ ಬೂಸ್ಟ್ ಕೊಡಬೇಡಿ, ಮಿಶ್ರಣ ಕೆಡುತ್ತದೆ.

ಆರ್‌ಪಿಎಂ ಮಿತಿ 7000ದಿಂದ 8000ಕ್ಕೆ ಏರಿಸಿದರೂ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 20 ಮೀಟರೇ. ಇದನ್ನು ನೋಡಿ ನಿಶ್ಚಿಂತರಾಗುವವರು ಬಹಳ. ರಾಡ್ ಬೋಲ್ಟ್ ಎಳೆಯುವ ಬಲ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಸ್ಟ್ರೋಕ್ ಚಿಕ್ಕದಾಗಿದ್ದರೂ ಇಲ್ಲಿ ಸುಮಾರು ಶೇ. 14 ಹೆಚ್ಚು. ಗಟ್ಟಿ ಬೋಲ್ಟ್, ಗಟ್ಟಿ ವಾಲ್ವ್ ಸ್ಪ್ರಿಂಗ್ ಹಾಕುವವರೆಗೆ ಮಿತಿ 7000ದಲ್ಲೇ ಇರಲಿ.