ರೇಟಿಂಗ್ ಲೆಕ್ಕ ನಾನು ಕೈಯಲ್ಲೇ ಹಾಕುವ ಬಗೆ

ವಿಶ್ವ ಚೆಸ್ ಸಂಸ್ಥೆ ಫಿಡೆ ಪ್ರತಿ ತಿಂಗಳ ಮೊದಲ ತಾರೀಕಿಗೆ ಹೊಸ ರೇಟಿಂಗ್ ಪಟ್ಟಿ ಬಿಡುತ್ತದೆ; ರೇಟಿಂಗ್ ಎಂದರೆ ಆಟಗಾರನ ಬಲ ತೋರುವ ಅಂಕಿ. ನಾನು ಅದಕ್ಕೆ ಕಾಯುವುದಿಲ್ಲ. ರೌಂಡ್ ಮುಗಿದ ಮೇಲೆ ಸ್ಕೋರ್‌ಶೀಟಿನ ಕಾರ್ಬನ್ ಪ್ರತಿಯ ಹಿಂದೆಯೇ ಲೆಕ್ಕ ಹಾಕಿಬಿಡುತ್ತೇನೆ. ಬೇಕಾದ್ದು ನನ್ನ ರೇಟಿಂಗ್, ಎದುರಾಳಿಯ ರೇಟಿಂಗ್, ನನ್ನ ಕೆ ಅಂಕಿ (ರೇಟಿಂಗ್ ಎಷ್ಟು ಬೇಗ ಏರಿಳಿಯುತ್ತದೆ ಎಂದು ತೀರ್ಮಾನಿಸುವ ಗುಣಕ), ಅಷ್ಟೇ. ಎರಡೂ ರೇಟಿಂಗ್ ಟೂರ್ನಿ ಶುರುವಾದ ದಿನ ಜಾರಿಯಲ್ಲಿದ್ದ ಪಟ್ಟಿಯವೇ ಆಗಿರಬೇಕು. ಪ್ರತಿ ಆಟದ ಬೆನ್ನಿಗೇ ಬದಲಾಗುವ ಲೈವ್ ರೇಟಿಂಗ್ ನೋಡಿ ಬರೆದುಕೊಂಡರೆ ತಿಂಗಳ ಕೊನೆಗೆ ತಾಳೆಯಾಗುವುದಿಲ್ಲ.

ಕೆ ಅಂಕಿ ಹೊಸಬರಿಗೆ 30 ಆಟ ತುಂಬುವ ತನಕ 40. ಹದಿನೆಂಟು ತುಂಬುವ ವರ್ಷದ ಕೊನೆಯವರೆಗೆ, 2300ರ ಕೆಳಗಿದ್ದರೆ, ಮಕ್ಕಳಿಗೂ 40. ಉಳಿದವರಿಗೆ 20. ಒಮ್ಮೆ 2400 ಮುಟ್ಟಿದರೆ 10. ಆಮೇಲೆ ಎಷ್ಟು ಇಳಿದರೂ 10ರಲ್ಲೇ ನಿಲ್ಲುತ್ತದೆ.

ನನ್ನ ರೇಟಿಂಗ್ 1720 ಎಂದಿಟ್ಟುಕೊಳ್ಳಿ. ಎದುರಾಳಿಗಳು 1520, 1620, 1670, 1820, 1920. ಫಿಡೆ ಕೋಷ್ಟಕದಲ್ಲಿ 50 ಅಂತರಕ್ಕೆ ಮೇಲಿನವನಿಂದ ನಿರೀಕ್ಷಿಸುವ ಅಂಕ 0.57, 100ಕ್ಕೆ 0.64, 200ಕ್ಕೆ 0.76. ಕೆಳಗಿನವನದ್ದು ಒಂದರಲ್ಲಿ ಅದನ್ನು ಕಳೆದಷ್ಟು. ಹಾಗಾಗಿ 0.76, 0.64, 0.57, 0.36, 0.24 ಸೇರಿ 2.57. ಮೂರು ಪಾಯಿಂಟ್ ಬಂದರೆ ನಿರೀಕ್ಷೆಗಿಂತ 0.43 ಹೆಚ್ಚು; ಅದನ್ನು ಕೆ ಅಂಕಿ 20ರಿಂದ ಗುಣಿಸಿದರೆ 8.6 ಏರಿಕೆ. ಎರಡೂವರೆ ಬಂದರೆ 1.4 ಇಳಿಕೆ. ಅರ್ಧ ಗೆದ್ದು ಅರ್ಧ ಸೋತರೂ ರೇಟಿಂಗ್ ಏಕೆ ಇಳಿಯಿತು ಎಂದು ಕೇಳುವ ಅಪ್ಪ ಅಮ್ಮಂದಿರಿಗೆ ಉತ್ತರ ಇಲ್ಲಿದೆ. ತಿಂಗಳ ಎಲ್ಲ ಟೂರ್ನಿಗಳ ದಶಾಂಶ ಕೂಡಿಸಿ, ಕೊನೆಯಲ್ಲಿ ಒಮ್ಮೆ ಮಾತ್ರ ಪೂರ್ಣಾಂಕ ಮಾಡಬೇಕು.

ಲೆಕ್ಕ ತಪ್ಪುವುದು ಹೆಚ್ಚಾಗಿ ಟೂರ್ನಿಯ ಫಲಿತಾಂಶ ಪಟ್ಟಿಯಾದ ಕ್ರಾಸ್‌ಟೇಬಲ್‌ನ ಒಟ್ಟು ಅಂಕ ಎತ್ತಿಕೊಂಡಾಗ. ಜೋಡಿ ಇಲ್ಲದೆ ಬೈ ಸಿಕ್ಕಿದ ಪಾಯಿಂಟ್, ಎದುರಾಳಿ ಬಾರದೆ ಬಂದ ಪಾಯಿಂಟ್, ರೇಟಿಂಗ್ ಇಲ್ಲದವನನ್ನು ಸೋಲಿಸಿದ್ದು, ಇವು ಬಹುಮಾನಕ್ಕೆ ಉಂಟು, ರೇಟಿಂಗಿಗೆ ಇಲ್ಲ. ಇನ್ನೊಂದು ಮರೆಯುವ ನಿಯಮ: ಒಂದು ತಿಂಗಳ ಆಟಗಳ ಸಂಖ್ಯೆ ಗುಣಿಸು ಕೆ 700 ಮೀರಬಾರದು. ಬೇಸಿಗೆ ರಜೆಯಲ್ಲಿ ಒಂಬತ್ತು ರೌಂಡಿನ ಎರಡು ಟೂರ್ನಿ ಆಡಿದ ಹುಡುಗನಿಗೆ 18 ಆಟ. 40ರಲ್ಲಿ ಅದು 720 ಆಗುವುದರಿಂದ ಆ ತಿಂಗಳು ಅವನ ಕೆ 38ಕ್ಕೆ ಇಳಿಯುತ್ತದೆ.

ಮೊದಲ ರೇಟಿಂಗಿನ ಲೆಕ್ಕ ಬೇರೆ. ರೇಟೆಡ್ ಆಟಗಾರರೊಂದಿಗೆ ಕನಿಷ್ಠ ಐದು ಆಟ ಬೇಕು. 2024ರ ಮಾರ್ಚ್‌ನಿಂದ ಅದಕ್ಕೆ 1800 ರೇಟಿಂಗಿನ ಇಬ್ಬರು ಕಾಲ್ಪನಿಕ ಎದುರಾಳಿಗಳೊಂದಿಗೆ ಎರಡು ಡ್ರಾ ಸೇರಿಸುತ್ತಾರೆ. ಸರಾಸರಿ 1600ರ ಐವರ ಎದುರು 2 ಅಂಕ ಬಂದರೆ ಅದು ಏಳು ಆಟಕ್ಕೆ 3 ಆಗುತ್ತದೆ; ಸರಾಸರಿ 1657, ಏಳಕ್ಕೆ 3 ಎಂದರೆ ಶೇ. 43, ಅದಕ್ಕೆ ಕೋಷ್ಟಕದಂತೆ 50 ಕಳೆದು 1607. ಫಲ 1400ರ ಕೆಳಗೆ ಬಂದರೆ ಪಟ್ಟಿಯಲ್ಲಿ ಹೆಸರೇ ಬರುವುದಿಲ್ಲ. ಬೆಂಗಳೂರಿನ ಶಾಲಾ ಹಾಲ್‌ಗಳಲ್ಲಿ ಭಾನುವಾರ ಒಂದೇ ದಿನಕ್ಕೆ ಮುಗಿಯುವ ಟೂರ್ನಿಗಳು ಹೆಚ್ಚಾಗಿ ರ‍್ಯಾಪಿಡ್. ಕಡಿಮೆ ಸಮಯದ ಆ ಆಟದ ರೇಟಿಂಗ್ ಪ್ರತ್ಯೇಕ. ದೀರ್ಘ ಸಮಯದ ಕ್ಲಾಸಿಕಲ್‌ಗೆ ಒಂದಂಶವೂ ಕೂಡುವುದಿಲ್ಲ.

ಟೂರ್ನಿ ಆರಿಸುವಾಗ ನಾನು ಬಹುಮಾನದ ಮೊತ್ತಕ್ಕಿಂತ ಮೊದಲು ಸ್ಟಾರ್ಟಿಂಗ್ ಲಿಸ್ಟ್ (ಆಡುವವರ ಹೆಸರು, ರೇಟಿಂಗಿನ ಪಟ್ಟಿ) ನೋಡುತ್ತೇನೆ. ನನಗಿಂತ 400 ಕೆಳಗಿನವನನ್ನು ಗೆದ್ದರೆ ಕೆ 20ರಲ್ಲಿ ಸಿಗುವುದು 1.6, ಡ್ರಾ ಆದರೆ ಹೋಗುವುದು 8.4. ಅದರಲ್ಲೂ ನಮ್ಮೂರಿನ 1450ರ ಮಕ್ಕಳ ಆಟ ಅವರ ರೇಟಿಂಗಿಗಿಂತ ಎಷ್ಟೋ ಮುಂದಿರುತ್ತದೆ.

ಟೈಟಲ್‌ಗಳಲ್ಲಿ ಕ್ಯಾಂಡಿಡೇಟ್ ಮಾಸ್ಟರ್‌ಗೆ 2200, ಫಿಡೆ ಮಾಸ್ಟರ್‌ಗೆ 2300 ಮುಟ್ಟಿದರಾಯಿತು, ನಾರ್ಮ್ (ಒಂದು ಟೂರ್ನಿಯಲ್ಲಿ ಟೈಟಲ್ ಮಟ್ಟದ ಪ್ರದರ್ಶನ) ಬೇಡ. ಇಂಟರ್‌ನ್ಯಾಷನಲ್ ಮಾಸ್ಟರ್‌ಗೆ 2400, ಗ್ರ್ಯಾಂಡ್‌ಮಾಸ್ಟರ್‌ಗೆ 2500, ಜೊತೆಗೆ ಒಟ್ಟು 27 ಆಟಗಳ ನಾರ್ಮ್‌ಗಳು. ರೇಟಿಂಗ್ ಟೂರ್ನಿಯ ನಡುವೆ ಮುಟ್ಟಿದರೂ ಸಾಕು. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ರುಮೇನಿಯಾದ ವಿಶ್ವ ಯುವ ಚಾಂಪಿಯನ್‌ಶಿಪ್ ಆಡುತ್ತಲೇ 2500 ದಾಟಿ ದೇಶದ 76ನೇ ಗ್ರ್ಯಾಂಡ್‌ಮಾಸ್ಟರ್ ಆದರು.

ಕಷ್ಟವಿರುವುದು ನಾರ್ಮ್‌ನಲ್ಲಿ. ಐಎಂ (ಇಂಟರ್‌ನ್ಯಾಷನಲ್ ಮಾಸ್ಟರ್) ನಾರ್ಮ್‌ಗೆ 2450 ಮಟ್ಟದ ಪ್ರದರ್ಶನ ಬೇಕು: ಎದುರಾಳಿಗಳ ಸರಾಸರಿ 2230 ಇದ್ದರೆ ಒಂಬತ್ತು ಆಟಕ್ಕೆ 7 ಅಂಕ, 2325 ಇದ್ದರೆ 6. ಜಿಎಂಗೆ (ಗ್ರ್ಯಾಂಡ್‌ಮಾಸ್ಟರ್) 2600: ಸರಾಸರಿ 2380 ಇದ್ದರೆ 7, 2475 ಇದ್ದರೆ 6. ಎದುರಾಳಿಗಳಲ್ಲಿ ಕನಿಷ್ಠ ಅರ್ಧದಷ್ಟು ಟೈಟಲ್ ಇರುವವರು, ಜಿಎಂ ನಾರ್ಮ್ ಆದರೆ ಮೂವರು ಗ್ರ್ಯಾಂಡ್‌ಮಾಸ್ಟರ್‌ಗಳು ಇರಬೇಕು. ನಮ್ಮ ದೇಶ ಬಿಟ್ಟು ಇನ್ನೆರಡು ಫೆಡರೇಶನ್‌ನವರೂ ಇರಬೇಕು. ವಿದೇಶಿ ಆಟಗಾರರು ಸಾಕಷ್ಟು ಬರುವ ದೊಡ್ಡ ಸ್ವಿಸ್ (ಸಮಾನ ಅಂಕದವರನ್ನು ಜೋಡಿಸುವ) ಟೂರ್ನಿಗಳಿಗೆ ಈ ಕೊನೆಯ ಷರತ್ತಿನಿಂದ ವಿನಾಯಿತಿ ಉಂಟು. ಇಲ್ಲದಿದ್ದರೆ ಪೇರಿಂಗ್ (ಯಾರಿಗೆ ಯಾರು ಎದುರಾಳಿ ಎಂಬ ಜೋಡಣೆ) ಕೈಕೊಟ್ಟರೆ ಏಳು ಅಂಕ ಇದ್ದೂ ನಾರ್ಮ್ ಇಲ್ಲ.

ಏಳನೇ ರೌಂಡಿನ ಹೊತ್ತಿಗೆ ಫೆಡರೇಶನ್ ಮತ್ತು ಟೈಟಲ್ ಎಣಿಸಿ ಆರ್ಬಿಟರ್ (ತೀರ್ಪುಗಾರ) ಹತ್ತಿರ ಒಮ್ಮೆ ತಾಳೆ ನೋಡಿಕೊಳ್ಳಿ. ನಾರ್ಮ್ ಆದರೆ ಅದರ ಪ್ರಮಾಣಪತ್ರವಾದ ಐಟಿ1 ಫಾರ್ಮ್‌ಗೆ ಚೀಫ್ ಆರ್ಬಿಟರ್ ಸಹಿಯನ್ನು ಹಾಲ್ ಬಿಡುವ ಮುನ್ನವೇ ಹಾಕಿಸಿಕೊಳ್ಳಿ. ಆಮೇಲೆ ಈಮೇಲ್‌ನಲ್ಲಿ ಬೆನ್ನು ಹತ್ತುವುದು ರೇಜಿಗೆಯ ಕೆಲಸ.